ಮನೆಮಂದಿಗೆ ಗಾಳಿ ತುಂಬುವ ಕಯಾಕ್: ಯಾವುದು ಕೊಳ್ಳೋದು?

ದಸರಾ ಮುಗಿದು ಮಳೆ ಹಿಂದೆ ಸರಿದರೆ ಸಾಕು, ನನ್ನ ಫೋನಿಗೆ ಕಯಾಕ್‌ಗಳ, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿಗಳ, ಫೋಟೊ ಬರಲು ಶುರು. ಈ ಸಲ ಮೊದಲು ಬಂದದ್ದು ಪುಣೆಯ ವಾಕಡ್‌ನಲ್ಲಿರುವ ನಾದಿನಿಯಿಂದ. ಮೂರು ಫೋಟೊ, ಕೆಳಗೆ ಒಂದೇ ಸಾಲು: "ಭಾವ, ಮೂರರಲ್ಲಿ ಯಾವುದು? ಆಫರ್ ನಾಳೆಗೆ ಮುಗಿಯತ್ತೆ." ಅದೇ ವಾರ ಗೋವಾದ ವಾಸ್ಕೋದ ನಮ್ಮ ಕಟ್ಟಡದ ಕೆಳಗಿನ ಮನೆಯ ಬಾಗಲಕೋಟೆಯವರು ಮೆಟ್ಟಿಲಲ್ಲಿ ನಿಲ್ಲಿಸಿ ಕೇಳಿದರು: "ಸರ, ನಾವೂ ಒಂದು ತಗೋಬೇಕಂತ ಮಾಡೇವ್ರಿ. ನಾಕು ಮಂದಿ ಕುಂದ್ರೂವಂಥಾದ್ದು ಯಾವುದೈತ್ರಿ?"

ಇಬ್ಬರಿಗೂ ಒಂದೇ ಉತ್ತರ ಕೊಡಲು ಆಗಲಿಲ್ಲ. ನಾದಿನಿಯ ಮನೆಗೆ ಸರಿಹೋಗುವ ಕಯಾಕ್ ಇವರಿಗೆ ಸರಿಹೋಗುವುದಿಲ್ಲ. ನೀರು ಬೇರೆ, ಮನೆ ಬೇರೆ, ಕೂರುವವರ ತೂಕ ಬೇರೆ. ಅದಕ್ಕೇ ನಾನು ಇಷ್ಟು ದಿನದಲ್ಲಿ ಕಲಿತದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಕಾರಿನ ಮೇಲೆ ಉದ್ದನೆಯ ಪ್ಲಾಸ್ಟಿಕ್ ದೋಣಿ ಕಟ್ಟಿಕೊಂಡು ಓಡಾಡಲಾಗದ, ಫ್ಲ್ಯಾಟಿನಲ್ಲಿ ಜಾಗವಿಲ್ಲದ, ಆದರೂ ಮಕ್ಕಳನ್ನು ಭಾನುವಾರ ಬೆಳಿಗ್ಗೆ ನೀರಿಗೆ ಕರೆದೊಯ್ಯಬೇಕು ಅನ್ನುವವರಿಗೆ ಇದು. ಶಾಂತವಾದ ನದಿ, ಹಿನ್ನೀರು, ಕೆರೆ. ಎರಡು ತಾಸು. ಅಷ್ಟೇ. ಸಮುದ್ರದ ಅಲೆಗೆ ಇಳಿಯುವ ಆಸೆ ಇದ್ದರೆ ಈ ಬೆಲೆಯ ಯಾವ ಗಾಳಿ ಕಯಾಕೂ ಬೇಡ.

ನಾವು ಮೊದಲು ಕೊಂಡದ್ದು ತಪ್ಪು ದೋಣಿ. ಡಬ್ಬದ ಮೇಲಿನ ಚಿತ್ರದಲ್ಲಿ ಅಪ್ಪ, ಅಮ್ಮ, ಮಗು ನಗುತ್ತಾ ಕೂತಿದ್ದರು. ಅದನ್ನು ನೋಡಿಯೇ ಕೊಂಡದ್ದು. ಎರಡನೇ ಸಲ ಸಾಳ್ ನದಿಗೆ ಹೋದಾಗ ಹೊರಟದ್ದು ತಡ, ಹನ್ನೊಂದೂವರೆಗೆ ಪಶ್ಚಿಮದ ಗಾಳಿ ಎದ್ದಿತು. ಎಷ್ಟು ಹುಟ್ಟು ಹಾಕಿದರೂ ದೋಣಿ ಸುಮ್ನೆ ಸುತ್ತುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಒಬ್ಬ ಮೀನುಗಾರರು ಹಗ್ಗ ಎಸೆದು ದಡಕ್ಕೆ ಎಳೆದು ತಂದರು. ಮಗಳಿಗೆ ಆಗ ಏಳು ವರ್ಷ. ಅವತ್ತು ಅವಳ ಮೈಮೇಲಿದ್ದದ್ದು ಅಂಗಡಿಯವರು "ಲೈಫ್ ಜಾಕೆಟ್ಟೇ ಇದು" ಎಂದು ಕೊಟ್ಟ, ಬಾಯಲ್ಲಿ ಊದುವ ಈಜುಕೊಳದ ಆಟಿಕೆ. ಆ ದಿನದ ನಂತರ ನಾನು ಪ್ರತಿ ದೋಣಿಯನ್ನೂ ಬೇರೆ ಕಣ್ಣಿನಿಂದ ನೋಡತೊಡಗಿದೆ.

ಮೊದಲು ದುಡ್ಡಿನ ಲೆಕ್ಕ

ನಿಮ್ಮ ಕೈಯಲ್ಲಿ ಇಪ್ಪತ್ತು ಸಾವಿರ ಇದೆ ಅಂದುಕೊಳ್ಳಿ. ಅದು ದೋಣಿಯ ದುಡ್ಡಲ್ಲ. ಅದರಲ್ಲಿ ಮೊದಲು ಮನೆಯ ಎಲ್ಲರ ಲೈಫ್ ಜಾಕೆಟ್ ತೆಗೆದಿಡಿ. ಉಳಿದದ್ದರಲ್ಲಿ ದೋಣಿ ನೋಡಿ. ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ ಅಂತ ನನಗೆ ಗೊತ್ತು: ದೋಣಿಗೆ ದುಡ್ಡೆಲ್ಲ ಹೋಗಿ, ಜಾಕೆಟ್ "ಮುಂದಿನ ತಿಂಗಳು ನೋಡೋಣ" ಆಗುತ್ತದೆ.

ಜಾಕೆಟ್‌ನ ಒಳಗಿನ ಚೀಟಿಯಲ್ಲಿ ಅದು ಎಷ್ಟು ಬಲವಾಗಿ ತೇಲಿಸುತ್ತದೆ ಅನ್ನುವ ಒಂದು ಅಂಕಿ ಇರುತ್ತದೆ. 50 ನ್ಯೂಟನ್ ಅಂತಿದ್ದರೆ ಅದು ಈಜು ಚೆನ್ನಾಗಿ ಬಲ್ಲವರಿಗೆ, ಹತ್ತಿರದಲ್ಲೇ ಸಹಾಯ ಇರುವ ನೀರಿಗೆ. 100 ನ್ಯೂಟನ್ ಅಂದರೆ ಈಜು ಬಾರದವರಿಗೂ, ಮಕ್ಕಳಿಗೂ. ಮಕ್ಕಳ ಜಾಕೆಟ್ಟನ್ನು ವಯಸ್ಸು ನೋಡಿ ಕೊಳ್ಳಬೇಡಿ, ತೂಕ ನೋಡಿ ಕೊಳ್ಳಿ. ಕಾಲುಗಳ ನಡುವೆ ಹಾದು ಬರುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಹೋಗುತ್ತದೆ, ಮಗು ಕೆಳಗೆ ಜಾರುತ್ತದೆ. "ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಅನ್ನುವ ಮಾತು ಬಟ್ಟೆಗೆ ಸರಿ, ಇದಕ್ಕೆ ಖಂಡಿತ ಬೇಡ.

ದೋಣಿ ನೋಡುವ ಮುಂಚೆ ನಿಮ್ಮನ್ನು ನೀವು ಕೇಳಿಕೊಳ್ಳುವುದು

ಒಂದು, ಒಟ್ಟು ತೂಕ. ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ನಾನು 78 ಕೆಜಿ, ಹೆಂಡತಿ 62, ಮಗಳು 28. ಅಲ್ಲಿಗೇ 168. ನೀರಿನ ಬಾಟಲಿ, ಚಪಾತಿ ಡಬ್ಬಿ, ಬಟ್ಟೆಯ ಚೀಲ, ಜಾಕೆಟ್‌ಗಳು ಸೇರಿದರೆ 178ರ ಹತ್ತಿರ. ಇಬ್ಬರು ಕೂರುವ ಬಹುತೇಕ ಅಗ್ಗದ ಕಯಾಕ್‌ಗಳ ಮೇಲೆ ಬರೆದಿರುವ ಮಿತಿ 180. ಕಾಗದದ ಮೇಲೆ ನಾವು ಪಾಸು. ನೀರಿನ ಮೇಲೆ ಅಲ್ಲ. ಮಿತಿಯ ತನಕ ತುಂಬಿದ ಗಾಳಿ ದೋಣಿ ನಡುವೆ ಬಾಗುತ್ತದೆ, ನಿಧಾನವಾಗುತ್ತದೆ, ಸಣ್ಣ ಅಲೆಗೂ ನೀರು ಒಳಗೆ ಬರುತ್ತದೆ. ಬರೆದಿರುವ ಮಿತಿಯ ಮುಕ್ಕಾಲು ಭಾಗವನ್ನೇ ನಿಮ್ಮ ಮಿತಿ ಅಂದುಕೊಳ್ಳಿ. 180 ಅಂದರೆ ನಿಮಗೆ 135.

ಎರಡು, ನಿಮ್ಮ ನೀರಿನಲ್ಲಿ ಚುಚ್ಚುವುದು ಏನಿದೆ? ಗೋವಾದ ಹಿನ್ನೀರಿನಲ್ಲಿ ಚಿಪ್ಪು. ಕೊಂಕಣಿಯಲ್ಲಿ ಕಾಲ್ವಾಂ ಅನ್ನುತ್ತಾರಲ್ಲ, ಅದು ಬಂಡೆಗೆ, ಸೇತುವೆಯ ಕಂಬಕ್ಕೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿಗೆ ಅಂಟಿಕೊಂಡು ಬೆಳೆಯುತ್ತದೆ. ಅದರ ಅಂಚು ಬ್ಲೇಡಿನ ಹಾಗೆ. ನೀರು ಇಳಿದಾಗ ಕಾಣುತ್ತದೆ, ಏರಿದಾಗ ಮುಚ್ಚಿಹೋಗುತ್ತದೆ. ಪುಣೆಯ ಕಡೆಯ ಕೆರೆಗಳಲ್ಲಿ ಚಿಪ್ಪಿನ ಕಾಟ ಇಲ್ಲ. ಅಲ್ಲಿ ದಡದ ಜಾಲಿ ಮುಳ್ಳು, ಒಡೆದ ಬಾಟಲಿಯ ಗಾಜು. ಮುಂಬೈಯ ಖಾಡಿಗಳಲ್ಲಿ, ಅಂದರೆ ಕಡಲ ನೀರು ಒಳಗೆ ಚಾಚಿರುವ ಕಡೆ, ಚಿಪ್ಪೂ ಇದೆ, ಕೆಸರೂ ಇದೆ.

ಮೂರು, ಎತ್ತುವುದು ಮತ್ತು ಒಣಗಿಸುವುದು. ಇದನ್ನು ಯಾರೂ ಕೊಳ್ಳುವ ಮುಂಚೆ ಯೋಚಿಸುವುದಿಲ್ಲ. ಕಯಾಕ್ ಮೂಲೆ ಸೇರುವುದು ಮಾತ್ರ ಬಹುಪಾಲು ಇದೇ ಕಾರಣಕ್ಕೆ. ಎರಡು ತಾಸು ನೀರಿನಲ್ಲಿದ್ದು ಮನೆಗೆ ಬಂದ ಮೇಲೆ ಅದನ್ನು ಸಿಹಿನೀರಿನಲ್ಲಿ ತೊಳೆಯಬೇಕು, ಮಡಿಕೆಗಳಲ್ಲಿ ಸೇರಿದ ಮರಳು ತೆಗೆಯಬೇಕು, ಪೂರ್ತಿ ಒಣಗಿಸಬೇಕು. ಕರಾವಳಿಯ ತೇವದಲ್ಲಿ ಅರ್ಧ ಒಣಗಿಸಿ ಸುತ್ತಿಟ್ಟರೆ ವಾರದಲ್ಲಿ ಬೂಸ್ಟು. ನಿಮಗೆ ತಾರಸಿ ಇದೆಯಾ, ಉದ್ದನೆಯ ಬಾಲ್ಕನಿ ಇದೆಯಾ, ಲಿಫ್ಟ್ ಇದೆಯಾ? ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಹಾಗಾಗಿ 15 ಕೆಜಿಗೂ 18 ಕೆಜಿಗೂ ಇರುವ ವ್ಯತ್ಯಾಸ ನನ್ನ ಭುಜಕ್ಕೆ ಚೆನ್ನಾಗಿ ಗೊತ್ತು.

ನಾಲ್ಕು, ಗಾಳಿ. ಗಾಳಿ ತುಂಬಿದ ದೋಣಿ ಹಗುರ, ನೀರಿನ ಮೇಲೇ ತೇಲುತ್ತದೆ, ಅದರ ಗೋಡೆ ಎತ್ತರ. ಅಂದರೆ ಅದು ಅರ್ಧ ದೋಣಿ, ಅರ್ಧ ಹಾಯಿ. ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ನೀರು ಕನ್ನಡಿಯ ಹಾಗಿರುತ್ತದೆ. ನೆಲ ಕಾಯುತ್ತಾ ಬಂದ ಹಾಗೆ ಕಡಲಿನಿಂದ ಗಾಳಿ ಬೀಸತೊಡಗಿ ಮಧ್ಯಾಹ್ನಕ್ಕೆ ಜೋರಾಗುತ್ತದೆ. ಎತ್ತರದ ಗೋಡೆಯ ಅಗಲ ದೋಣಿ ಕೊಂಡರೆ ಹತ್ತು ಗಂಟೆಯೊಳಗೆ ದಡದಲ್ಲಿರಬೇಕು. ಬೇಗ ಏಳುವ ಮನೆಯಾದರೆ ಇದು ತೊಂದರೆಯೇ ಅಲ್ಲ.

ಹೆಚ್ಚಿನವರು ತಪ್ಪಿ ಕೊಳ್ಳುವುದು: ಮೊಂಡು ಮೂತಿಯ ರಬ್ಬರ್ ದೋಣಿ

ನಮ್ಮ ಮೊದಲ ದೋಣಿ ಇದೇ ಜಾತಿಯದು. ಅಂಗಡಿಯಲ್ಲಿ ಇದನ್ನೂ ಕಯಾಕ್ ಪಕ್ಕದಲ್ಲೇ ಇಟ್ಟಿರುತ್ತಾರೆ, ಬೆಲೆ ಕಡಿಮೆ, ಜಾಗ ಜಾಸ್ತಿ. ಆದರೆ ಇದು ಕಯಾಕ್ ಅಲ್ಲ. ಉದಾಹರಣೆಗೆ ಇಂಟೆಕ್ಸ್ ಕಂಪನಿಯ ಸೀಹಾಕ್ 2 ನೋಡಿ: ಉದ್ದ 236 ಸೆಂಟಿಮೀಟರ್, ಅಗಲ 114. ಉದ್ದ ಅಗಲದ ಎರಡರಷ್ಟಕ್ಕಿಂತ ಚೂರೇ ಹೆಚ್ಚು. ಇಂಥ ಆಕಾರ ನೇರವಾಗಿ ಹೋಗುವುದೇ ಇಲ್ಲ, ಒಂದು ಬದಿ ಹುಟ್ಟು ಹಾಕಿದರೆ ತಿರುಗುತ್ತದೆ. ದಡದ ಹತ್ತಿರ, ಸೊಂಟದಷ್ಟು ನೀರಿನಲ್ಲಿ, ಹಗ್ಗ ಕಟ್ಟಿಕೊಂಡು ಮಕ್ಕಳನ್ನು ಆಡಿಸಲು ಚೆನ್ನ. ನೀವು ಬಯಸುವುದು ಅಷ್ಟೇ ಆದರೆ ಧೈರ್ಯವಾಗಿ ಕೊಳ್ಳಿ, ದುಡ್ಡು ಉಳಿಯುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು ಅನ್ನುವವರಿಗೆ ಬೇಡ.

ಅಗಲ ಕಯಾಕ್: ಎಕ್ಸ್‌ಪ್ಲೋರರ್ ಕೆ2 ಮತ್ತು ಅದರ ಜಾತಿಯವು

ಹಳದಿ ಬಣ್ಣದ ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2ವನ್ನು ನೀವು ನೋಡಿಯೇ ಇರುತ್ತೀರಿ. ಉದ್ದ 312 ಸೆಂಟಿಮೀಟರ್, ಅಗಲ 91, ಎತ್ತರ 51. ಮಿತಿ 180 ಕೆಜಿ. ತೂಕ ಸುಮಾರು 15 ಕೆಜಿ. ಎರಡು ಸೀಟು, ಎರಡು ಅಲ್ಯೂಮಿನಿಯಂ ಹುಟ್ಟು, ಕೈಪಂಪು, ದೋಣಿ ನೇರ ಹೋಗಲು ಅಡಿಗೆ ಸಿಕ್ಕಿಸುವ ಒಂದು ರೆಕ್ಕೆ, ಎಲ್ಲ ಡಬ್ಬದಲ್ಲೇ ಬರುತ್ತವೆ. ಆ ರೆಕ್ಕೆಗೆ ಸ್ಕೆಗ್ ಅನ್ನುತ್ತಾರೆ. ಅದನ್ನು ಮರೆತು ಹೊರಟರೆ ದೋಣಿ ಹಾವಿನ ಹಾಗೆ ಹೊರಳುತ್ತದೆ.

ಇದರ ದೊಡ್ಡ ಗುಣ ಮಗುಚುವುದು ಕಷ್ಟ ಅನ್ನುವುದು. ಮೊದಲ ಸಲ ನೀರಿಗೆ ಇಳಿಯುವವರಿಗೆ, ಹೆದರುವವರಿಗೆ, ಒಂದು ನಿಮಿಷವೂ ಸುಮ್ಮನೆ ಕೂರದ ಮಕ್ಕಳಿರುವವರಿಗೆ ಆ ಅಗಲ ಬಹಳ ಸಮಾಧಾನ ಕೊಡುತ್ತದೆ. ತಳದಲ್ಲಿ ಉದ್ದುದ್ದ ಗಾಳಿಕೊಳವೆಗಳಿದ್ದು ಹಾಸಿಗೆಯ ಹಾಗೆ ಗಟ್ಟಿ ಇರುತ್ತದೆ. ಟವೆಲ್‌ನಲ್ಲಿ ಒರೆಸಿದರೆ ಮೇಲ್ಮೈ ಬೇಗ ಒಣಗುತ್ತದೆ. ಆದರೆ ತಳದ ಆ ಕೊಳವೆಗಳ ಸಂದಿಯಲ್ಲಿ ನೀರು ನಿಲ್ಲುತ್ತದೆ. ತಲೆಕೆಳಗೆ ನಿಲ್ಲಿಸಿ ಬಟ್ಟೆ ತೂರಿಸಿ ಒರೆಸಲೇಬೇಕು.

ತೊಂದರೆ ಎರಡು. ನಿಧಾನ, ಮತ್ತು ಗಾಳಿಗೆ ಸಿಕ್ಕಿದರೆ ಆ ಎತ್ತರದ ಗೋಡೆ ಎಳೆದುಕೊಂಡು ಹೋಗುತ್ತದೆ. ಇನ್ನು ಅದರ ಚರ್ಮ ಒಂದೇ ಪದರದ ವಿನೈಲ್. ಮರಳು ದಡದಿಂದ ಮರಳು ದಡಕ್ಕೆ ಏನೂ ಆಗುವುದಿಲ್ಲ. ಚಿಪ್ಪಿಗೆ ತಾಗಿದರೆ ಹರಿಯುತ್ತದೆ. ಡಬ್ಬದ ಹುಟ್ಟು ಕೂಡ ಈ ಅಗಲಕ್ಕೆ ಗಿಡ್ಡ ಅನ್ನಿಸುತ್ತದೆ, ಬೆರಳಿನ ಗಂಟು ದೋಣಿಯ ಅಂಚಿಗೆ ಉಜ್ಜುತ್ತದೆ. ಒಂದು ಸೀಸನ್ ಕಳೆದ ಮೇಲೆ 230ರಿಂದ 240 ಸೆಂಟಿಮೀಟರ್ ಉದ್ದದ ಒಳ್ಳೆಯ ಹುಟ್ಟು ಒಂದನ್ನಾದರೂ ಕೊಳ್ಳಿ. ದೋಣಿ ಬದಲಿಸಿದಷ್ಟು ವ್ಯತ್ಯಾಸ ಗೊತ್ತಾಗುತ್ತದೆ.

ಒಬ್ಬ ದೊಡ್ಡವರು, ಒಂದು ಅಥವಾ ಎರಡು ಸಣ್ಣ ಮಕ್ಕಳು: ಇದು ಸರಿ. ಗಂಡ ಹೆಂಡತಿ ಇಬ್ಬರೇ, ತೆಳ್ಳಗಿದ್ದರೆ ಸರಿ. ಗಂಡ, ಹೆಂಡತಿ, ಎಂಟು ಒಂಬತ್ತು ವರ್ಷದ ಮಗು: ಆಗುವುದಿಲ್ಲ. ಕೂರಲು ಜಾಗ ಸಿಗಬಹುದು, ಆದರೆ ಕಂಪನಿಯೇ ಇದನ್ನು ಇಬ್ಬರಿಗೆ ಅಂತ ಮಾಡಿದೆ. ನಾವು ಏನು ಮಾಡುತ್ತೇವೆ ಅಂದರೆ ಸರದಿ. ಮಗಳ ಜೊತೆ ಒಬ್ಬರು ನೀರಿನಲ್ಲಿ, ಇನ್ನೊಬ್ಬರು ದಡದಲ್ಲಿ. ದಡದಲ್ಲಿ ಒಬ್ಬರು ಕಣ್ಣಿಟ್ಟಿರುವುದು ಹೇಗೂ ಒಳ್ಳೆಯದೇ ಅಲ್ವಾ?

ಕಿರಿದಾದ ಕಯಾಕ್: ಚಾಲೆಂಜರ್ ಕೆ2

ಅದೇ ಕಂಪನಿಯ ಹಸಿರು ಬಣ್ಣದ್ದು. ಉದ್ದ 351, ಅಗಲ 76, ಎತ್ತರ 38 ಸೆಂಟಿಮೀಟರ್. ಮಿತಿ ಅದೇ 180. ಬೆಲೆಯೂ ಅಗಲ ಕಯಾಕ್‌ನ ಹತ್ತಿರ ಹತ್ತಿರವೇ. ಉದ್ದ ಹೆಚ್ಚು, ಅಗಲ ಕಡಿಮೆ, ಗೋಡೆ ತಗ್ಗು, ಹಾಗಾಗಿ ಚುರುಕಾಗಿ ನೇರ ಹೋಗುತ್ತದೆ, ಗಾಳಿಗೂ ಅಷ್ಟು ಸಿಕ್ಕುವುದಿಲ್ಲ. ಮಕ್ಕಳಿಲ್ಲದ ಜೋಡಿಗೆ, ಅಥವಾ ಕಾಲೇಜಿಗೆ ಹೋಗುವ ಮಗ ಮಗಳ ಜೊತೆ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸಣ್ಣ ಮಗುವನ್ನು ನಡುವೆ ಕೂರಿಸಲು ಇದರಲ್ಲಿ ಜಾಗವಿಲ್ಲ. ದಪ್ಪ ಮೈಯವರಿಗೆ ಇಕ್ಕಟ್ಟು.

ಗಟ್ಟಿ ಚರ್ಮದ್ದು: ಎಕ್ಸ್‌ಕರ್ಷನ್ ಪ್ರೊ ಕೆ2

ಗೋವಾದಲ್ಲೇ ಇದ್ದು ವರ್ಷಕ್ಕೆ ಹತ್ತಿಪ್ಪತ್ತು ಸಲ ಹಿನ್ನೀರಿಗೆ ಇಳಿಯುವವರಾದರೆ ಇಲ್ಲಿ ಸ್ವಲ್ಪ ನಿಲ್ಲಿ. ಉದ್ದ 384, ಅಗಲ 94 ಸೆಂಟಿಮೀಟರ್. ತೂಕ ಸುಮಾರು 18 ಕೆಜಿ. ಚರ್ಮ ಮೂರು ಪದರ, ನಡುವೆ ಪಾಲಿಯೆಸ್ಟರ್ ಬಟ್ಟೆ. ಹೆಚ್ಚು ಒತ್ತಡ ತಡೆಯುವ ಸ್ಪ್ರಿಂಗ್ ವಾಲ್ವ್. ಆಳದ ನೀರಿಗೆ ಒಂದು, ತೆಳು ನೀರಿಗೆ ಒಂದು, ಹೀಗೆ ಎರಡು ಸ್ಕೆಗ್. ಬೆಲೆ ಅಗಲ ಕಯಾಕ್‌ನ ದುಪ್ಪಟ್ಟಿನ ಮೇಲೆಯೇ.

ನಮ್ಮ ಎರಡನೇ ದೋಣಿ ಇದು. ನೀರಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ನಡುವೆ ಬಾಗುವುದು ಕಡಿಮೆ. ಕಾಣಕೋಣದ ತಳಪಣ ನದಿಯಲ್ಲಿ ಒಂದು ಸಲ ಕಾಂಡ್ಲಾ ಬೇರಿಗೆ ಉಜ್ಜಿಕೊಂಡು ಹೋದೆವು. ಉದ್ದನೆಯ ಗೀರು ಬಿತ್ತು, ಗಾಳಿ ಹೋಗಲಿಲ್ಲ. ಒಂದೇ ಪದರದ್ದಾಗಿದ್ದರೆ ಅವತ್ತೇ ಮುಗಿಯುತ್ತಿತ್ತು. ಆದರೆ ಒಂದು ಮಾತು ಗಮನಿಸಿ: ದುಪ್ಪಟ್ಟು ದುಡ್ಡು ಕೊಟ್ಟರೂ ಮಿತಿ ಮಾತ್ರ ಅದೇ 180 ಕೆಜಿ. ಇಲ್ಲಿ ನೀವು ದುಡ್ಡು ಕೊಡುತ್ತಿರುವುದು ಬಾಳಿಕೆಗೆ. ಮೂರನೆಯವರಿಗೆ ಜಾಗ ಸಿಗುತ್ತದೆ ಅಂದುಕೊಂಡು ಇದನ್ನು ಕೊಳ್ಳಬೇಡಿ. ಒಣಗಿಸುವುದು ಸ್ವಲ್ಪ ನಿಧಾನ, ಮಡಿಸುವುದು ಕಷ್ಟ, ಗಂಟು ದೊಡ್ಡದು. ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗುವ ಮಾತೇ ಇಲ್ಲ.

ಬಟ್ಟೆ ಹೊದಿಕೆಯವು ಮತ್ತು ಹೊಲಿಗೆ ತಳದವು

ಕ್ರೀಡಾ ಸಾಮಾನಿನ ದೊಡ್ಡ ಮಳಿಗೆಗಳಲ್ಲಿ ಬಟ್ಟೆಯ ಹೊದಿಕೆ ಇರುವ ಕಯಾಕ್ ಕಾಣಸಿಗುತ್ತವೆ. ಡೆಕಾಥ್ಲಾನ್ ಇಟಿವಿಟ್ ಹೆಸರಿನಲ್ಲಿ ಮಾರಿಕೊಂಡು ಬಂದವು ಈ ಬಗೆಯವು. ಇವುಗಳಲ್ಲಿ ಇಬ್ಬರು ದೊಡ್ಡವರು, ನಡುವೆ ಒಂದು ಮಗು ಅಂತಲೇ ಮಾಡಿದ ಮಾದರಿಗಳಿವೆ. ಮೂವರ ಮನೆಗೆ ಇದು ನಿಜವಾದ ಉತ್ತರ. ಹೊದಿಕೆ ಉಜ್ಜುವಿಕೆಯನ್ನೂ ತಡೆಯುತ್ತದೆ.

ಆದರೆ ಬಟ್ಟೆ ನೀರು ಕುಡಿಯುತ್ತದೆ. ಹೊದಿಕೆಗೂ ಒಳಗಿನ ಗಾಳಿಚೀಲಕ್ಕೂ ನಡುವೆ ನೀರು ಸೇರಿದರೆ ಬಿಸಿಲಿನಲ್ಲಿ ತಾಸುಗಟ್ಟಲೆ ಬಿಡಬೇಕು. ಪುಣೆಯ ಒಣ ಗಾಳಿಯಲ್ಲಿ, ತಾರಸಿ ಇದ್ದರೆ ತೊಂದರೆ ಇಲ್ಲ. ಮುಂಬೈಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಬಾಲ್ಕನಿಯಲ್ಲಿ ಬಟ್ಟೆ ಒಣಗಲೂ ಜಾಗವಿಲ್ಲದ ಕಡೆ, ಇದು ಪ್ರತಿ ಭಾನುವಾರ ಸಂಜೆಯ ಜಗಳ.

ಇನ್ನು ಡ್ರಾಪ್ ಸ್ಟಿಚ್ ಎಂಬುದಿದೆ. ಮೇಲಿನ ಪದರ, ಕೆಳಗಿನ ಪದರ, ನಡುವೆ ಸಾವಿರಾರು ದಾರ. ಗಾಳಿ ಒತ್ತಿ ತುಂಬಿದರೂ ಆ ದಾರಗಳು ಹಿಡಿದಿಟ್ಟುಕೊಳ್ಳುವುದರಿಂದ ತಳ ಹಲಗೆಯ ಹಾಗೆ ಚಪ್ಪಟೆಯಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಸಾಮಾನ್ಯ ವಿನೈಲ್ ಕಯಾಕ್ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿನಲ್ಲೇ ತುಂಬಿದಂತೆ, ಇದಕ್ಕೆ 6ರಿಂದ 10 ಪಿಎಸ್‌ಐ ಬೇಕು. ತಳ ಮಾತ್ರ ಹೀಗಿದ್ದರೂ ನಡೆಯುವ ರೀತಿಯೇ ಬದಲಾಗುತ್ತದೆ. ನಮ್ಮಂಥ ಭಾನುವಾರದವರಿಗೆ ಪೂರ್ತಿ ಡ್ರಾಪ್ ಸ್ಟಿಚ್ ಕಯಾಕ್‌ನ ಬೆಲೆ ಅತಿಯಾಯಿತು. ಎರಡು ಸೀಸನ್ ಕಳೆದ ಮೇಲೂ ಆಸೆ ಉಳಿದಿದ್ದರೆ ಆಮೇಲೆ ನೋಡಿ.

ಪಂಪಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಕೈಪಂಪಿನಲ್ಲಿ ತುಂಬಲು ಹತ್ತು ಹದಿನೈದು ನಿಮಿಷ. ತೋಳು ನೋಯುತ್ತದೆ ಅಂತ ದಾರಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಹಿಡಿಯಲು ಹೋಗಬೇಡಿ. ಅದು ಕಾರಿನ ಟಯರಿಗೆ 30 ಪಿಎಸ್‌ಐ ತುಂಬುವ ಯಂತ್ರ, ನಿಮ್ಮ ದೋಣಿಯ ಬೆಸುಗೆ ಕ್ಷಣದಲ್ಲಿ ಬಿಟ್ಟುಕೊಳ್ಳುತ್ತದೆ. ಸೈಕಲ್ ಟ್ಯೂಬಿನ ಸೊಲ್ಯೂಷನ್ ಕೂಡ ಇದಕ್ಕೆ ಹಿಡಿಯುವುದಿಲ್ಲ, ವಿನೈಲ್‌ಗೆ ಅಂತಲೇ ಇರುವ ಅಂಟು ಬೇಕು. ಒಂದು ಟ್ಯೂಬ್ ಯಾವಾಗಲೂ ಚೀಲದಲ್ಲಿರಲಿ.

ಬಿಸಿಲಿನದ್ದೂ ಅದೇ ಕಥೆ. ದಡದಲ್ಲಿ ಬಿಗಿಯಾಗಿ ತುಂಬಿ, ಚಹಾ ಕುಡಿಯಲು ಹೋಗಿ ಬರುವಷ್ಟರಲ್ಲಿ ಒಳಗಿನ ಗಾಳಿ ಕಾಯ್ದು ಹಿಗ್ಗಿ ಬೆಸುಗೆ ಬಿಡಬಹುದು. ದಡದಲ್ಲಿ ಸ್ವಲ್ಪ ಸಡಿಲ ಬಿಡಿ. ನೀರಿಗೆ ಇಳಿಸಿದ ಮೇಲೆ ತಣ್ಣಗಾಗಿ ಇನ್ನಷ್ಟು ಮೆತ್ತಗಾಗುತ್ತದೆ, ಆಗ ನಾಲ್ಕು ಪಂಪು ಹೆಚ್ಚು ಹೊಡೆಯಿರಿ.

ಕೊಳ್ಳದೇ ಇರುವುದೂ ಒಂದು ಆಯ್ಕೆ

ವರ್ಷಕ್ಕೆ ನಾಲ್ಕೈದು ಸಲ ಮಾತ್ರ ಹೋಗುವುದಾದರೆ ಕೊಳ್ಳಬೇಡಿ, ಬಾಡಿಗೆಗೆ ತೆಗೆದುಕೊಳ್ಳಿ. ಗೋವಾದಲ್ಲಿ ನೆರೂಲ್, ಸಾಳ್ ಕಡೆ ಜೊತೆಗೆ ಒಬ್ಬರು ಬಂದು ಕಾಂಡ್ಲಾ ಕಾಡಿನ ನಡುವೆ ಸುತ್ತಿಸುವವರಿದ್ದಾರೆ. ಅಲ್ಲಿ ಸಿಗುವುದು ಪ್ಲಾಸ್ಟಿಕ್‌ನ ಗಟ್ಟಿ ಕಯಾಕ್. ಜಾಕೆಟ್ ಅವರದೇ, ಒಣಗಿಸುವುದೂ ಅವರೇ. ಕೊಳ್ಳಲೇಬೇಕು ಅಂತ ನಿರ್ಧರಿಸಿದವರೂ ಮೊದಲು ಎರಡು ಸಲ ಬಾಡಿಗೆಯದರಲ್ಲಿ ಹೋಗಿಬನ್ನಿ. ಮಕ್ಕಳಿಗೆ ಇಷ್ಟವೇ, ನಿಮ್ಮ ಬೆನ್ನು ತಡೆಯುತ್ತದೆಯೇ, ಅಲ್ಲೇ ಗೊತ್ತಾಗುತ್ತದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಒಂದೇ ಮಾತು: ಪೂರ್ತಿ ಗಾಳಿ ತುಂಬಿಸಿ, ಒಂದು ತಾಸು ಅಲ್ಲೇ ಕೂತು, ಬೆಸುಗೆಗೂ ವಾಲ್ವಿಗೂ ಸೋಪಿನ ನೀರು ಹಚ್ಚಿ ನೋಡದೆ ದುಡ್ಡು ಕೊಡಬೇಡಿ.

ನಿಮ್ಮ ಊರಿನ ನೀರು

ದೋಣಿ ಆರಿಸುವಾಗ ಇದನ್ನು ಪಕ್ಕಕ್ಕಿಡಲು ಆಗುವುದಿಲ್ಲ. ಅಂಕೋಲೆಯಲ್ಲಿ ಬೆಳೆದ ನನ್ನ ಹೆಂಡತಿ ಇಂದಿಗೂ ಪಂಚಾಂಗ ನೋಡದೆ ನೀರಿಗೆ ಹೊರಡುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಭರತವೂ ಜೋರು, ಇಳಿತವೂ ಜೋರು. ಆ ದಿನಗಳಲ್ಲಿ ಅಗ್ಗದ ಕಯಾಕ್ ಹರಿವಿಗೆ ಎದುರು ಹೋಗಲಾರದು. ಕೊಂಕಣಿಯವರ ಭರ್ತಿ-ಸುಕ್ತಿ, ಮರಾಠಿಯವರ ಭರತಿ-ಓಹೋಟಿ ಇದೇ. ಗೋವಾದಲ್ಲಿ ನೀರು ಏರಿಳಿಯುವುದು ಸುಮಾರು 2 ಮೀಟರ್. ಮುಂಬೈಯಲ್ಲಿ ದೊಡ್ಡ ಉಬ್ಬರದ ದಿನ 4.5 ಮೀಟರ್ ದಾಟುತ್ತದೆ. ಅಲ್ಲಿಯ ಖಾಡಿಯಲ್ಲಿ ಬೆಳಿಗ್ಗೆ ಇಳಿದ ಜಾಗ ವಾಪಸ್ ಬರುವಾಗ ಮೊಣಕಾಲುದ್ದ ಕೆಸರಾಗಿರುತ್ತದೆ. ಅದಕ್ಕೇ ಮುಂಬೈಯ ನಮ್ಮವರಿಗೆ ನಾನು ಹೇಳುವುದು: ಖಾಡಿ ಬೇಡ, ಲೋಣಾವಳಾ ಕಡೆಯ ಪವನಾ ಕೆರೆಯ ಲೆಕ್ಕದಲ್ಲಿ ದೋಣಿ ಆರಿಸಿ. ಪವಾಯಿ ಕೆರೆ ಮನೆಯ ಹತ್ತಿರ ಅಂತ ಅಲ್ಲಿಗೆ ಹೋಗುವ ಯೋಚನೆ ಬೇಡ, ಅಲ್ಲಿ ಮೊಸಳೆಗಳಿವೆ.

ಮೊಸಳೆ ಗೋವಾದಲ್ಲೂ ಇದೆ. ಮಾಂಡವಿ, ಜುವಾರಿಗಳನ್ನು ಕೂಡಿಸುವ ಕುಂಭಾರ್ಜುವೆ ಕಾಲುವೆ ಮೊಸಳೆಗಳಿಗೇ ಹೆಸರಾದ ಜಾಗ. ಜನ ದೊಡ್ಡ ದೋಣಿಯಲ್ಲಿ ಅವನ್ನು ನೋಡಲು ಹೋಗುತ್ತಾರೆ. ಗಾಳಿ ಕಯಾಕ್‌ನಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವ ನೀರಲ್ಲ ಅದು. ಊರಿಗೆ ಹೋದಾಗ ದಾಂಡೇಲಿಯ ಕಾಳಿ ನದಿಯಲ್ಲೂ ಅದೇ ಎಚ್ಚರ ಇರಲಿ. ಮಾಂಡವಿಯ ಫೆರಿಗಳು ಓಡಾಡುವ ದಾರಿಯನ್ನೂ ಬಿಟ್ಟುಬಿಡಿ. ಕಾಣಕೋಣದ ತಳಪಣ, ಗಾಲ್ಜಿಬಾಗದಂಥ ಸಣ್ಣ ನದಿಗಳು ನಮಗೆ ಸಾಕು. ದಡದ ಮನೆಯವರನ್ನು ಒಂದು ಮಾತು ಕೇಳಿ ಇಳಿಯಿರಿ, ನೀರಿನ ಬಗ್ಗೆ ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲೂ ಬೇಡ.

ಪುಣೆಯವರಿಗೆ ಉಬ್ಬರ ಇಳಿತದ ಚಿಂತೆ ಇಲ್ಲ. ಆದರೆ ಅಲ್ಲಿಯ ದೊಡ್ಡ ಕೆರೆಗಳೆಲ್ಲ ಅಣೆಕಟ್ಟಿನ ನೀರು. ಖಡಕ್‌ವಾಸ್ಲಾ ಊರಿಗೆ ಕುಡಿಯುವ ನೀರು ಕೊಡುತ್ತದೆ, ಮುಳಶಿ ವಿದ್ಯುತ್ತಿಗಾಗಿ ಕಟ್ಟಿದ್ದು. ಸ್ವಂತ ದೋಣಿ ಇಳಿಸಬಹುದೇ ಅಂತ ಮೊದಲು ವಿಚಾರಿಸಿ, ಆಮೇಲೆ ದೋಣಿಗೆ ದುಡ್ಡು ಹಾಕಿ. ಬಯಲು ಕೆರೆಯಾದ್ದರಿಂದ ಮಧ್ಯಾಹ್ನದ ಗಾಳಿಗೆ ಅಡ್ಡ ಏನೂ ಇರುವುದಿಲ್ಲ. ದಡ ಬಿಟ್ಟು ದೂರ ಹೋಗಬೇಡಿ, ಮೊದಲು ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಗಾಳಿ ನಿಮ್ಮ ಬೆನ್ನಿಗಿರಲಿ.

ಹಾಗಾದರೆ ಅವರಿಬ್ಬರಿಗೆ ನಾನು ಏನು ಹೇಳಿದೆ?

ಬಾಗಲಕೋಟೆಯವರ ಮನೆಯಲ್ಲಿ ನಾಲ್ವರು, ಒಟ್ಟು 230 ಕೆಜಿ. ಈ ಬೆಲೆಯಲ್ಲಿ ಅವರೆಲ್ಲರನ್ನೂ ಹೊರುವ ಒಂದೇ ಕಯಾಕ್ ಇಲ್ಲ. ಎರಡು ಅಗಲ ಕಯಾಕ್ ಕೊಂಡರೆ ಒಂದು ಗಟ್ಟಿ ಚರ್ಮದ್ದರ ದುಡ್ಡಿನ ಹತ್ತಿರ ಬರುತ್ತದೆ. ಪ್ರತಿ ದೋಣಿಯಲ್ಲಿ ಒಬ್ಬ ದೊಡ್ಡವರು, ಒಂದು ಮಗು. ಒಂದಕ್ಕೆ ಏನಾದರೂ ಆದರೆ ಪಕ್ಕದಲ್ಲಿ ಇನ್ನೊಂದು. ಅವರು ಹೋಗುವುದು ಮರಳು ದಡದ ಕಡೆ, ಹಾಗಾಗಿ ಒಂದೇ ಪದರದ ಚರ್ಮ ಸಾಕು. ಈ ಸೀಸನ್ ಒಂದು, ಮುಂದಿನ ಸೀಸನ್ ಇನ್ನೊಂದು ಅಂತ ಒಪ್ಪಿಕೊಂಡರು. ಜಾಕೆಟ್ ಮಾತ್ರ ನಾಲ್ಕೂ ಈಗಲೇ.

ನಾದಿನಿಗೆ ಮೂರು ಫೋಟೊಗಳಲ್ಲಿ ಒಂದು ರಬ್ಬರ್ ದೋಣಿಯೇ ಆಗಿತ್ತು, ಅದನ್ನು ಮೊದಲೇ ಹೊಡೆದು ಹಾಕಿದೆ. ಉಳಿದದ್ದು ಚಾಲೆಂಜರ್ ಮತ್ತು ಬಟ್ಟೆ ಹೊದಿಕೆಯ ಮೂರು ಸೀಟಿನದು. ಗಂಡ ಹೆಂಡತಿ, ಐದು ವರ್ಷದ ಮಗ, ಮೇಲೆ ತಾರಸಿ, ಲಿಫ್ಟ್, ಒಣ ಹವೆ, ಕೆರೆಯ ನೀರು. "ಬಟ್ಟೆಯದ್ದೇ ತಗೋ" ಅಂದೆ. "ಭಾವ, ಅದು ಆಫರ್‌ನಲ್ಲಿ ಇಲ್ಲ" ಅಂದಳು. ಆಫರ್ ಇಲ್ಲದಿದ್ದರೂ ಅದೇ ಸರಿ, ಇಲ್ಲದಿದ್ದರೆ ಈ ವರ್ಷ ಬಾಡಿಗೆಗೆ ಹೋಗಿ ದುಡ್ಡು ಕೂಡಿಸು ಅಂದೆ. ಮೂರು ದಿನ ಯೋಚಿಸಿ ಅದನ್ನೇ ತರಿಸಿದಳು.

ಡಬ್ಬ ಬಂದ ದಿನ ಫೋನ್ ಮಾಡಿದಾಗ ಇಷ್ಟು ಹೇಳಿದೆ: ನೇರ ಕೆರೆಗೆ ಒಯ್ಯಬೇಡ. ಹಾಲ್‌ನಲ್ಲಿ ಸೋಫಾ ಸರಿಸಿ ಪೂರ್ತಿ ಗಾಳಿ ತುಂಬಿಸು, ರಾತ್ರಿಯಿಡೀ ಬಿಡು. ಹೊಸ ವಸ್ತು ಮೊದಲ ದಿನ ಸ್ವಲ್ಪ ಹಿಗ್ಗಿ ಮೆತ್ತಗಾಗುತ್ತದೆ, ಅದಕ್ಕೆ ಗಾಬರಿ ಬೇಡ. ಇನ್ನೊಮ್ಮೆ ತುಂಬಿ ಎರಡನೇ ರಾತ್ರಿಯೂ ನೋಡು. ಆಗಲೂ ಇಳಿದರೆ ವಾಪಸ್ ಕೊಡುವ ದಿನ ಮುಗಿಯುವ ಮೊದಲೇ ಕಳಿಸಿಬಿಡು. ಎರಡನೇ ಬೆಳಿಗ್ಗೆ ಅವಳು ಒಂದು ಫೋಟೊ ಕಳಿಸಿದಳು. ಹಾಲ್ ತುಂಬಾ ಕಯಾಕ್, ನಡುವಿನ ಸೀಟಿನಲ್ಲಿ ಹೊದಿಕೆ ಹೊದ್ದು, ಕಿತ್ತಳೆ ಜಾಕೆಟ್ ಹಾಕಿಕೊಂಡೇ ಮಗ ನಿದ್ದೆ ಹೋಗಿದ್ದ. ಅಂಚು ಹಿಂದಿನ ರಾತ್ರಿಯಷ್ಟೇ ಬಿಗಿಯಾಗಿತ್ತು.